ಡಾರ್ಮ್‌ಸ್ಟಾಟ್‌ಗೆ ಎಂ.ಎಸ್. ಓದೋಕೆ ಹೊರಟಿದ್ದೇನೆ: ರೂಮ್ ಇಲ್ಲಿಂದಲೇ ಬುಕ್ ಮಾಡಲಾ? ಊರು ಸುತ್ತೋಕೆ ದುಡ್ಡು ಎತ್ತಿಡಲಾ?

ಡೊಂಬಿವಲಿ ಹುಡುಗಿ:
ಎಲ್ಲರಿಗೂ ನಮಸ್ಕಾರ. ಮನೆ ಡೊಂಬಿವಲಿ ಪೂರ್ವದಲ್ಲಿ, ಮೂಲ ಊರು ಕುಂದಾಪುರ ಕಡೆ. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಎಂ.ಎಸ್. ಸೀಟು ಸಿಕ್ಕಿದೆ, ಅಕ್ಟೋಬರ್‌ನಲ್ಲಿ ಶುರು. ನಮ್ಮ ಡಿಗ್ರಿ ಅಸಲಿ ಅಂತ ಹೇಳುವ ಎಪಿಎಸ್ ಸರ್ಟಿಫಿಕೇಟ್ ಬಂದಿದೆ. ಬ್ಲಾಕ್ಡ್ ಅಕೌಂಟ್‌ಗೆ (ವೀಸಾಗೆ ತೋರಿಸಬೇಕಾದ ಒಂದು ವರ್ಷದ ಖರ್ಚಿನ ಹಣ) 11,904 ಯೂರೋ ಕಟ್ಟಿದ್ದೇವೆ. ವೀಸಾ ಫೈಲೂ ಕೊಟ್ಟಾಯ್ತು. ಉಳಿದಿರೋದು ರೂಮ್ ಮಾತ್ರ. ಸ್ಟೂಡೆಂಟ್ ಹಾಸ್ಟೆಲ್‌ನಲ್ಲಿ ವೇಟಿಂಗ್ ಲಿಸ್ಟ್ ಇನ್ನೂ ಅಲುಗಾಡಿಲ್ಲ.

ಆನ್‌ಲೈನ್‌ನಲ್ಲಿ ಒಬ್ಬರು ಫ್ಲ್ಯಾಟ್ ಫೋಟೊ ಕಳಿಸಿದ್ದಾರೆ. ಊರಿನ ಮಧ್ಯದಲ್ಲೇ ಇದೆ, ಕರೆಂಟು, ಹೀಟಿಂಗ್ ಎಲ್ಲ ಸೇರಿ ತಿಂಗಳಿಗೆ 350 ಯೂರೋ. ಅವರು ಈಗ ಸ್ಪೇನ್‌ನಲ್ಲಿ ಇದ್ದಾರಂತೆ. ಎರಡು ತಿಂಗಳ ಬಾಡಿಗೆ ಮುಂಗಡ ಕಳಿಸಿದರೆ ಬೀಗದ ಕೈ ಕೊರಿಯರ್ ಮಾಡ್ತಾರಂತೆ. ಅಪ್ಪ ಕಟ್ಟಿಬಿಡೋಣ ಅಂತಿದ್ದಾರೆ. ಏನು ಮಾಡಲಿ?

ಇನ್ನೊಂದು ವಿಷಯ. ಯೂರೋಪ್‌ವರೆಗೆ ಹೋಗಿ ಎರಡು ವರ್ಷ ಒಂದೇ ಊರಲ್ಲಿ ಕೂತು ಬರೋಕೆ ನನಗೆ ಮನಸ್ಸಿಲ್ಲ. ಅಪ್ಪ ಮಾತ್ರ "ಓದೋಕೆ ಹೋಗ್ತಿದೀಯ, ಸುತ್ತೋಕಲ್ಲ" ಅಂತ ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ. ಫ್ಲ್ಯಾಟ್ ಅಡ ಇಟ್ಟು ಸಾಲ ತೆಗೆದಿದ್ದಾರೆ, ಅವರ ಮಾತಲ್ಲೂ ನ್ಯಾಯ ಇದೆ. ಅಲ್ಲಿ ಓದಿದವರು, ಓದುತ್ತಿರುವವರು ದಯವಿಟ್ಟು ಹೇಳಿ.

ಕೊತ್ರೂಡ್ ಕನ್ನಡಿಗ:
ಕಟ್ಟಬೇಡಿ. ಒಂದು ಯೂರೋ ಕೂಡ ಕಳಿಸಬೇಡಿ.

ಥಾಣೆ ಶೆಟ್ರು:
ಮಾರಾಯ್ರೇ, ಅದು ಶುದ್ಧ ಮೋಸ. ನನ್ನ ಅಕ್ಕನ ಮಗನ ಕ್ಲಾಸ್‌ಮೇಟ್‌ಗೆ ಇದೇ ಕತೆ ಹೇಳಿದ್ದರು. ಆಗ ಸ್ಪೇನ್ ಬದಲು ಲಂಡನ್ ಇತ್ತು, ಅಷ್ಟೇ ವ್ಯತ್ಯಾಸ. ಪಾಸ್‌ಪೋರ್ಟ್ ಫೋಟೊ ಕೂಡ ಕಳಿಸಿದ್ದರು, ಯಾರದ್ದೋ ಕದ್ದದ್ದು. ಹುಡುಗ ದುಡ್ಡು ಕಳಿಸಿ, ಸೂಟ್‌ಕೇಸ್ ಎಳೆದುಕೊಂಡು ಆ ವಿಳಾಸಕ್ಕೆ ಹೋದರೆ ಅಲ್ಲಿ ಒಂದು ಹಲ್ಲಿನ ಡಾಕ್ಟರ ಕ್ಲಿನಿಕ್. ರಾತ್ರಿ ಎಲ್ಲಿ ಮಲಗೋದು ಅಂತ ಅಲ್ಲಿಂದ ಫೋನ್ ಮಾಡಿದ. ಆ ದಿನ ಅವನ ತಾಯಿಯ ಅವಸ್ಥೆ ನಾವು ಕಣ್ಣಾರೆ ಕಂಡಿದ್ದೇವೆ. ನಿಮ್ಮ ಅಪ್ಪನಿಗೆ ಈ ಪೋಸ್ಟ್ ಓದಿ ಹೇಳಿ.

ಡಾರ್ಟ್‌ಮುಂಡ್ ಡೈರಿ:
ನಾನು ಪುಣೆಯವಳು, ಈಗ ಇಲ್ಲೇ ಜರ್ಮನಿಯಲ್ಲಿ ಓದುತ್ತಿದ್ದೇನೆ. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಯಾಕಂದ್ರೆ ರೂಮ್ ಸರಿಹೋದರೆ ಉಳಿದದ್ದು ಅರ್ಧ ಸರಿಹೋದ ಹಾಗೆ.

ಡಾರ್ಮ್‌ಸ್ಟಾಟ್ ಅಂದ್ರೆ ಫ್ರಾಂಕ್‌ಫರ್ಟ್ ಪಕ್ಕ. ಅಲ್ಲಿ ಊರಿನ ಮಧ್ಯೆ ಎಲ್ಲ ಸೇರಿ 350ಕ್ಕೆ ಒಂದು ಇಡೀ ಫ್ಲ್ಯಾಟ್ ಸಿಗೋದಿಲ್ಲ. ದರ ನೋಡಿದ ಕೂಡಲೇ ಅನುಮಾನ ಬರಬೇಕು. ನಿಜವಾದ ಮನೆ ಮಾಲೀಕರು ಸಾಮಾನ್ಯವಾಗಿ ಮೊದಲು ವಿಡಿಯೊ ಕಾಲ್‌ನಲ್ಲಿ ಮಾತಾಡುತ್ತಾರೆ. ಮನೆ ತೋರಿಸುತ್ತಾರೆ, ಒಪ್ಪಂದದ ಕಾಗದ ಕಳಿಸುತ್ತಾರೆ. ಡೆಪಾಸಿಟ್ ಆಮೇಲೆ. ಆ ಡೆಪಾಸಿಟ್ ಕೂಡ ಹೀಟಿಂಗ್ ಖರ್ಚು ಬಿಟ್ಟು ಬರೀ ಬಾಡಿಗೆಯ ಮೂರು ಪಟ್ಟು ಮೀರುವಂತಿಲ್ಲ, ಅದು ಕಾನೂನು.

ಶೇರಿಂಗ್ ಮನೆಗೆ ಇಲ್ಲಿ ವೇಗೇ ಅಂತಾರೆ. ಮೂರು ನಾಲ್ಕು ಜನ, ಪ್ರತಿಯೊಬ್ಬರಿಗೂ ಒಂದೊಂದು ಕೋಣೆ, ಅಡುಗೆಮನೆ ಮತ್ತು ಬಾತ್‌ರೂಮ್ ಎಲ್ಲರಿಗೂ ಸೇರಿ. ಅವರಿಗೆ ಬರೆಯುವಾಗ "ರೂಮ್ ಖಾಲಿ ಇದೆಯಾ" ಅಂತ ಒಂದು ಸಾಲು ಹಾಕಿದರೆ ಉತ್ತರವೇ ಬರೋದಿಲ್ಲ. ನೀವು ಯಾರು, ಏನು ಓದ್ತೀರಿ, ಅಡುಗೆ ಮಾಡ್ತೀರಾ, ಸಿಗರೇಟ್ ಸೇದ್ತೀರಾ, ಎಲ್ಲ ಬರೆಯಿರಿ. ಜರ್ಮನ್‌ನಲ್ಲಿ ನಾಲ್ಕು ಸಾಲು ಇದ್ದರೆ ಇನ್ನೂ ಒಳ್ಳೆಯದು.

ಎರಡು ಮೂರು ತಿಂಗಳಿಗೆ ಊರು ಬಿಟ್ಟು ಹೋಗುವವರು ತಮ್ಮ ಕೋಣೆಯನ್ನು ಒಳಬಾಡಿಗೆಗೆ ಕೊಡುತ್ತಾರೆ. ನಿಮಗೆ ಈಗ ಅದೇ ಬೇಕಾಗಿರೋದು. ಆದರೆ "ಈ ವಿಳಾಸದಲ್ಲಿ ಆನ್‌ಮೆಲ್ಡುಂಗ್ ಮಾಡಿಸಬಹುದಾ" ಅಂತ ಮೊದಲೇ ಕೇಳಿ. ವಿಳಾಸ ನೋಂದಣಿ ಅದು. ಮನೆಗೆ ಬಂದು ಎರಡು ವಾರದೊಳಗೆ ನಗರ ಕಚೇರಿಯಲ್ಲಿ ಮಾಡಿಸಬೇಕು, ಮನೆ ಮಾಲೀಕರ ಸಹಿ ಇರುವ ಕಾಗದ ಬೇಕೇ ಬೇಕು. ಟ್ಯಾಕ್ಸ್ ನಂಬರ್ ಬರೋದು ಈ ನೋಂದಣಿ ಆದ ಮೇಲೆ. ವೀಸಾ ಮುಗಿಯುವ ಮುಂಚೆ ರೆಸಿಡೆನ್ಸ್ ಕಾರ್ಡ್‌ಗೆ ಅರ್ಜಿ ಹಾಕೋಕೂ ಈ ನೋಂದಣಿಯ ಕಾಗದವನ್ನೇ ಕೇಳುತ್ತಾರೆ.

ಕಲೀನಾ ಓದುಗ:
ಕಚೇರಿಯಲ್ಲಿ ಎರಡು ವಾರದೊಳಗೆ ಅಪಾಯಿಂಟ್‌ಮೆಂಟೇ ಸಿಗದಿದ್ದರೆ?

ಡಾರ್ಟ್‌ಮುಂಡ್ ಡೈರಿ:
@ಕಲೀನಾ ಓದುಗ, ಸಿಕ್ಕ ಮೊದಲ ತಾರೀಕಿಗೆ ಬುಕ್ ಮಾಡಿ, ಬುಕ್ ಮಾಡಿದ ಇಮೇಲ್ ಇಟ್ಟುಕೊಳ್ಳಿ. ಸುಮ್ನೆ ಕೂತವರಿಗೆ ತೊಂದರೆ, ಬುಕ್ ಮಾಡಿ ಕಾಯುತ್ತಿರುವವರಿಗೆ ಅಲ್ಲ.

ಒಂದು ಮರೆತಿದ್ದೆ. ಮನೆಗೆ ಹೋದ ದಿನವೇ ಕೆಳಗೆ ಪೋಸ್ಟ್ ಡಬ್ಬದ ಮೇಲೆ ನಿಮ್ಮ ಹೆಸರು ಅಂಟಿಸಿ. ಇಲ್ಲಿ ವಿಳಾಸದಲ್ಲಿ ಫ್ಲ್ಯಾಟ್ ನಂಬರ್ ಬರೆಯುವ ರೂಢಿ ಕಡಿಮೆ. ಪೋಸ್ಟ್‌ಮ್ಯಾನ್ ಡಬ್ಬಗಳ ಸಾಲಲ್ಲಿ ಹೆಸರು ಹುಡುಕುತ್ತಾರೆ, ಇಲ್ಲದಿದ್ದರೆ ಕಾಗದ ವಾಪಸ್. ಬ್ಯಾಂಕಿನ ಪಿನ್, ಇನ್ಶೂರೆನ್ಸ್ ಕಾರ್ಡ್, ಟ್ಯಾಕ್ಸ್ ನಂಬರ್ ಎಲ್ಲ ಇನ್ನೂ ಕಾಗದದಲ್ಲೇ ಬರುತ್ತೆ. ನಮ್ಮ ಹಾಸ್ಟೆಲ್‌ನಲ್ಲಿ ಒಂದೇ ಡಬ್ಬದ ಮೇಲೆ ಐದು ಚೀಟಿ. ಹಳಬರ ಹೆಸರಿನ ಮೇಲೆ ಹೊಸಬರದ್ದು, ಸೆಲ್ಲೋಟೇಪ್ ಮೇಲೆ ಸೆಲ್ಲೋಟೇಪ್. ಪಾಸ್‌ಪೋರ್ಟ್‌ನಲ್ಲಿ ಹೆಸರು ಹೇಗಿದೆಯೋ ಹಾಗೇ ಬರೆಯಿರಿ, ಮನೆಯಲ್ಲಿ ಕರೆಯುವ ಹೆಸರು ಬೇಡ.

ಚಿಂಚವಾಡ ತಾಯಿ:
ಹೆಸರಿನ ಮಾತು ಖರೇ ಐತ್ರಿ. ನಮ್ಮ ಹುಡುಗಂದು ಬ್ಯಾಂಕ್ ಕಾರ್ಡು ಎರಡು ಸಲ ವಾಪಸ್ ಹೋಗಿತ್ತು. ಮೂರನೇ ಸಲಕ್ಕೆ ಯಾರೋ ಹೇಳಿದ ಮೇಲೆ ಚೀಟಿ ಹಚ್ಚಿದ.

ವಾಶಿ ಟು ವೈಮಾರ್:
ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಮೊದಲ ಮೂರು ತಿಂಗಳಿಗೆ ಖಾಸಗಿ ಹಾಸ್ಟೆಲ್ ತಗೊಳ್ಳಿ. ದುಬಾರಿ, ನಿಜ. ಆದರೆ ಕಂಪನಿ ಇರುತ್ತೆ, ಒಪ್ಪಂದ ಇರುತ್ತೆ, ನೋಂದಣಿ ಕಾಗದ ಕೊಡುತ್ತಾರೆ. ಕ್ಲಾಸ್ ಶುರುವಾದ ಮೇಲೆ ಊರಲ್ಲೇ ಇದ್ದು ಕಡಿಮೆ ಬಾಡಿಗೆಯ ಕೋಣೆ ಹುಡುಕಬಹುದು. ಹೊಸಬರು, ಒಂಟಿ ಹುಡುಗಿ, ಭಾಷೆ ಗೊತ್ತಿಲ್ಲ. ಇಲ್ಲಿ 200 ಯೂರೋ ಉಳಿಸೋಕೆ ಹೋಗಬಾರದು.

ಕೊತ್ರೂಡ್ ಕನ್ನಡಿಗ:
@ವಾಶಿ ಟು ವೈಮಾರ್, ಬ್ಲಾಕ್ಡ್ ಅಕೌಂಟ್‌ನಿಂದ ತಿಂಗಳಿಗೆ 992 ಯೂರೋ ಕೈಗೆ ಬರುತ್ತೆ. ಖಾಸಗಿ ಹಾಸ್ಟೆಲ್‌ಗೆ 700 ಕೊಟ್ಟರೆ ಉಳಿದದ್ದರಲ್ಲಿ ಇನ್ಶೂರೆನ್ಸ್‌ಗೇ ಸುಮಾರು 150 ಹೋಗುತ್ತೆ. ಊಟಕ್ಕೆ ಏನು ಮಾಡ್ತಾರೆ? ಹತ್ತಿರದ ಸಣ್ಣ ಊರು ನೋಡಿ: ಡೀಬುರ್ಗ್, ಗ್ರೋಸ್-ಗೆರಾವ್. ಸೆಮಿಸ್ಟರ್ ಟಿಕೆಟ್‌ನಲ್ಲೇ (ವಿದ್ಯಾರ್ಥಿಗಳ ಪ್ರಯಾಣದ ಪಾಸ್) ಓಡಾಡಬಹುದು. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಲೋಕಲ್‌ನಲ್ಲಿ ಜೋತಾಡಿಕೊಂಡು ಹೋದವರಿಗೆ ಇಪ್ಪತ್ತು ನಿಮಿಷದ ರೈಲು ಲೆಕ್ಕಕ್ಕೇ ಇಲ್ಲ.

ವಾಶಿ ಟು ವೈಮಾರ್:
ಲೆಕ್ಕ ಒಪ್ಪುತ್ತೇನೆ. ಆದರೂ ಮೂರು ತಿಂಗಳ ಮಟ್ಟಿಗೆ ನನ್ನ ಮಾತು ಅದೇ. ತಲೆ ಮೇಲೆ ಸೂರು ಇಲ್ಲದೆ ಲೆಕ್ಚರ್‌ನಲ್ಲಿ ಕೂತರೆ ಏನೂ ತಲೆಗೆ ಹೋಗೋದಿಲ್ಲ.

ಲೆಕ್ಕದ ಪುಸ್ತಕ (ಮುಲುಂಡ್):
ದುಡ್ಡಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಬ್ಲಾಕ್ಡ್ ಅಕೌಂಟ್‌ನ ಹಣ ಇಳಿದ ದಿನವೇ ಕೈಗೆ ಸಿಗೋದಿಲ್ಲ. ಅಲ್ಲಿ ಬ್ಯಾಂಕ್ ಖಾತೆ ತೆರೆದ ಮೇಲೆ ತಿಂಗಳಿಗೆ ಇಷ್ಟು ಅಂತ ಬಿಡುಗಡೆ ಆಗುತ್ತೆ. ಡೆಪಾಸಿಟ್, ಮೊದಲ ಬಾಡಿಗೆ, ಹಾಸಿಗೆ ಹೊದಿಕೆ ಎಲ್ಲ ಮೊದಲ ತಿಂಗಳಲ್ಲೇ ಬರುವ ಖರ್ಚು. ಅದಕ್ಕೆ ಬೇರೆ ಹಣವನ್ನು ಫಾರೆಕ್ಸ್ ಕಾರ್ಡ್‌ನಲ್ಲಿ ಇಟ್ಟುಕೊಳ್ಳಿ.

ಸ್ವಂತ ಹಣದಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿ ಕಳಿಸಿದರೆ, ದಾಟಿದ ಭಾಗಕ್ಕೆ ಬ್ಯಾಂಕಿನವರು ಟಿಸಿಎಸ್ ಅಂತ ಮುಂಗಡ ತೆರಿಗೆ ಹಿಡಿಯುತ್ತಾರೆ. ಬ್ಯಾಂಕಿನ ಶಿಕ್ಷಣ ಸಾಲದಿಂದ ಹೋದ ಹಣಕ್ಕೆ 2025ರ ಏಪ್ರಿಲ್‌ನಿಂದ ಇಲ್ಲ. ಹಿಡಿದಿದ್ದರೆ ಹೆದರಬೇಡಿ, ಅಪ್ಪ ರಿಟರ್ನ್ ಹಾಕುವಾಗ ತೆರಿಗೆಗೆ ಹೊಂದಿಸಿಕೊಳ್ಳಬಹುದು. ಶಿಕ್ಷಣ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ಕಡಿತ ಇದೆ, ಎಂಟು ವರ್ಷದವರೆಗೆ, ಮೊತ್ತಕ್ಕೆ ಮಿತಿ ಇಲ್ಲ. ಆದರೆ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. ಸುಮಾರು ಅಪ್ಪಂದಿರು ಈಗ ಹೊಸ ಪದ್ಧತಿಗೆ ಹೋಗಿದ್ದಾರೆ. ಒಮ್ಮೆ ಎರಡೂ ಹಾಕಿ ನೋಡಿ.

ಡೊಂಬಿವಲಿ ಹುಡುಗಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆ "ಸ್ಪೇನ್" ಮಾಲೀಕರಿಗೆ ವಿಡಿಯೊ ಕಾಲ್ ಕೇಳಿದೆ. ಕ್ಯಾಮೆರಾ ಕೆಟ್ಟಿದೆ, ಇವತ್ತೇ ಕಟ್ಟದಿದ್ದರೆ ಬೇರೆಯವರಿಗೆ ಕೊಡ್ತೀನಿ ಅಂದರು. ಬ್ಲಾಕ್ ಮಾಡಿದೆ. ಅಪ್ಪನೂ ಓದಿದರು, ಶೆಟ್ರು ಬರೆದದ್ದನ್ನು ಎರಡು ಸಲ ಓದಿದರು. ಈಗ ಒಳಬಾಡಿಗೆಯ ಕೋಣೆಗಳಿಗೆ ಬರೆಯುತ್ತಿದ್ದೇನೆ.

ಎರಡನೇ ಪ್ರಶ್ನೆಗೂ ಯಾರಾದರೂ ಹೇಳ್ತೀರಾ?

ಎರಡು ಚಳಿಗಾಲ (ಪುಣೆ):
ನಾನು ಹೇಳುತ್ತೇನೆ, ಬೇಜಾರಾಗಬೇಡಿ. ಮೊದಲ ಸೆಮಿಸ್ಟರ್‌ನಲ್ಲಿ ಸುತ್ತೋದು ಬೇಡ. ನಾನು ಜರ್ಮನಿಯಲ್ಲಿ ಓದಿ ಬಂದು ಈಗ ಚಾಕಣದಲ್ಲಿ ಕೆಲಸ ಮಾಡುತ್ತಿದ್ದೇನೆ, ಸಾಲ ಇನ್ನೂ ತೀರಿಸುತ್ತಿದ್ದೇನೆ.

ಅಲ್ಲಿ ಬಹಳಷ್ಟು ಕೋರ್ಸ್‌ಗಳಲ್ಲಿ ಒಂದು ಪರೀಕ್ಷೆಗೆ ಮೂರೇ ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರನೇ ಸಲವೂ ಹೋದರೆ ಆ ಕೋರ್ಸ್‌ನಿಂದಲೇ ಹೊರಗೆ. ಜರ್ಮನಿಯ ಬೇರೆ ಯೂನಿವರ್ಸಿಟಿಯಲ್ಲೂ ಅದೇ ಕೋರ್ಸ್‌ಗೆ ಸೇರಿಸಿಕೊಳ್ಳೋದಿಲ್ಲ. ನಮ್ಮ ಕಡೆಯ ಹಾಗೆ ಕೆಟಿ (ಫೇಲಾದ ವಿಷಯ) ಉಳಿಸಿಕೊಂಡು ಮುಂದೆ ನೋಡೋಣ ಅನ್ನೋ ಹಾಗಿಲ್ಲ. ಇಡೀ ವಿಷಯಕ್ಕೆ ಕೊನೆಯಲ್ಲಿ ಒಂದೇ ಪರೀಕ್ಷೆ. ಇಂಟರ್ನಲ್ ಮಾರ್ಕ್ಸ್ ಅಂತ ಕೈ ಹಿಡಿಯೋಕೆ ಏನೂ ಇರೋದಿಲ್ಲ. ಅಲ್ಲಿನ ಪದ್ಧತಿ ಅರ್ಥವಾಗೋಕೇ ಒಂದು ಸೆಮಿಸ್ಟರ್ ಬೇಕು. ನನ್ನ ಬ್ಯಾಚ್‌ನಲ್ಲಿ ನವೆಂಬರ್‌ನಲ್ಲೇ ಪ್ರಾಗ್, ಆಮ್‌ಸ್ಟರ್‌ಡ್ಯಾಮ್ ಅಂತ ಹೊರಟವರು ಫೆಬ್ರವರಿಯಲ್ಲಿ ಅತ್ತಿದ್ದನ್ನು ನೋಡಿದ್ದೇನೆ.

ಡಾರ್ಟ್‌ಮುಂಡ್ ಡೈರಿ:
ಮೂರು ಅವಕಾಶದ ಮಾತು ಸರಿ. ಆದರೆ "ಸುತ್ತೋದು ಬೇಡ" ಅನ್ನೋದನ್ನು ನಾನು ಒಪ್ಪೋದಿಲ್ಲ. ಡಿಸೆಂಬರ್‌ನಲ್ಲಿ ಇಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲೆ. ಕ್ರಿಸ್‌ಮಸ್ ಸಮಯಕ್ಕೆ ಹಾಸ್ಟೆಲ್ ಖಾಲಿ, 25, 26ಕ್ಕೆ ಅಂಗಡಿ ಬಂದ್, ರಸ್ತೆಯಲ್ಲಿ ಜನ ಇಲ್ಲ. ಆ ವಾರ ಕೋಣೆಯಲ್ಲಿ ಒಬ್ಬಳೇ ಕೂತವರು ಓದೋದೂ ಇಲ್ಲ, ನಿದ್ದೆ ಮಾಡೋದೂ ಇಲ್ಲ. ಒಂದು ದಿನ ರೈಲು ಹತ್ತಿ ಎಲ್ಲಾದರೂ ಹೋಗಿ ಬಂದರೆ ಜೀವ ಬರುತ್ತೆ. ಇದು ಮೋಜಿನ ಮಾತಲ್ಲ, ಆರೋಗ್ಯದ ಮಾತು.

ಎರಡು ಚಳಿಗಾಲ (ಪುಣೆ):
ಒಂದು ದಿನದ್ದು ಬೇರೆ. ನಾನು ಹೇಳಿದ್ದು ವಿಮಾನ, ಹೋಟೆಲ್, ಐದು ದೇಶ ಅಂತ ಹೋಗೋದು.

ಡಾರ್ಟ್‌ಮುಂಡ್ ಡೈರಿ:
ಹಾಗಾದರೆ ನಮ್ಮಿಬ್ಬರದ್ದೂ ಒಂದೇ ಮಾತು.

ಫೋರ್ಟ್ ಹಳಬ:
ನಾನು ವಯಸ್ಸಿನಲ್ಲಿ ಇಲ್ಲಿ ಎಲ್ಲರಿಗಿಂತ ದೊಡ್ಡವನು ಅನಿಸುತ್ತದೆ. ಕಾರ್ಕಳದ ಹತ್ತಿರದ ಹಳ್ಳಿಯಿಂದ ಹುಡುಗನಾಗಿದ್ದಾಗ ಮುಂಬಯಿಗೆ ಬಂದವನು. ಹಗಲು ಹೋಟೆಲಿನಲ್ಲಿ ಕೆಲಸ, ರಾತ್ರಿ ಫೋರ್ಟ್‌ನ ಕನ್ನಡ ರಾತ್ರಿ ಶಾಲೆ. ಎಂಟು ಗಂಟೆಗೆ ಟೇಬಲ್ ಒರೆಸುವ ಬಟ್ಟೆ ಇಟ್ಟು ಓಡುತ್ತಿದ್ದೆವು. ಕೈಗೆ ಸಾಂಬಾರಿನ ವಾಸನೆ ಹಾಗೇ ಇರುತ್ತಿತ್ತು. ಆಗ ಊರಿಗೆ ಹೋಗಬೇಕಾದರೆ ಕೊಂಕಣ ರೈಲ್ವೆ ಇಲ್ಲ, ಇಡೀ ದಿನ ಮೀರಿದ ಬಸ್ ಪ್ರಯಾಣ. ಮುಂಬಯಿ ಬಿಟ್ಟರೆ ಊರು, ಊರು ಬಿಟ್ಟರೆ ಮುಂಬಯಿ. ಬೇರೆ ಏನೂ ನೋಡಲಿಲ್ಲ.

ನನ್ನ ಮಗ ಜರ್ಮನಿಯ ಆಖನ್‌ನಲ್ಲಿ ಓದಿದ. ನಾನೂ ನಿಮ್ಮ ತಂದೆಯ ಹಾಗೆ ಸುತ್ತಬೇಡ ಅಂತಲೇ ಹೇಳಿ ಕಳಿಸಿದ್ದು. ಅವನು ಅಲ್ಲಿಂದ ನಡೆದುಕೊಂಡೇ ಬೆಲ್ಜಿಯಂ, ನೆದರ್ಲೆಂಡ್ಸ್ ಗಡಿ ಸೇರುವ ಗುಡ್ಡಕ್ಕೆ ಹೋಗಿ ಫೋಟೊ ಕಳಿಸಿದ. ಮೂರು ದೇಶದ ಗಡಿಗೆ ಒಂದೇ ಕಲ್ಲು, ಪೊಲೀಸ್ ಇಲ್ಲ, ಬೇಲಿ ಇಲ್ಲ. ಆ ಫೋಟೊ ನೋಡಿ ನನಗೆ ಆದ ಸಂತೋಷ ಅವನ ಡಿಗ್ರಿ ಕಾಗದ ನೋಡಿದಾಗಲೂ ಆಗಲಿಲ್ಲ. ಮಗಳೇ, ಹೋಗು. ಸಾಲ ಇದೆ, ಲೆಕ್ಕ ಇಟ್ಟುಕೊಂಡು ಹೋಗು. ನಿನ್ನ ತಂದೆಗೆ ಬೇಕಿದ್ದರೆ ನಾನೇ ಮಾತಾಡುತ್ತೇನೆ.

ಥಾಣೆ ಶೆಟ್ರು:
ಅಣ್ಣ, ನಮ್ಮ ಮಾವನೂ ರಾತ್ರಿ ಶಾಲೆಯವರೇ! ಮೆಟ್ರಿಕ್ ಮಾಡಿ ಬ್ಯಾಂಕ್ ಸೇರಿದರು. ಅಂಥ ಶಾಲೆಗಳಲ್ಲಿ ಓದಿದವರು ಈ ಮುಂಬಯಿಯಲ್ಲಿ ಎಷ್ಟು ಜನ ವಕೀಲರು, ಹೋಟೆಲ್ ಮಾಲೀಕರು ಆದರು. ಅದರ ಬಗ್ಗೆ ನೀವು ಪ್ರತ್ಯೇಕ ಬರೆಯಬೇಕು.

ಕಲೀನಾ ಓದುಗ:
ಹೌದು, ದಯವಿಟ್ಟು ಬರೆಯಿರಿ ಸರ್. ಈಗಿನ ಮಕ್ಕಳಿಗೆ ಗೊತ್ತೇ ಇಲ್ಲ.

ಕೊತ್ರೂಡ್ ಕನ್ನಡಿಗ:
ಸುತ್ತೋ ವಿಷಯಕ್ಕೆ ಬರೋಣ. ಡಾಯ್ಚ್‌ಲಾಂಡ್ ಟಿಕೆಟ್ ಅಂತ ಇದೆ. 2023ರ ಮೇನಲ್ಲಿ 49 ಯೂರೋಗೆ ಶುರುವಾಯ್ತು, 2025ರಲ್ಲಿ 58, 2026ರಿಂದ 63. ಬಹಳ ಯೂನಿವರ್ಸಿಟಿಗಳಲ್ಲಿ ಸೆಮಿಸ್ಟರ್ ಫೀಸ್‌ನಲ್ಲೇ ಇದರ ವಿದ್ಯಾರ್ಥಿ ರೂಪ ಸೇರಿರುತ್ತೆ, ಬೇರೆ ದುಡ್ಡು ಕೊಡಬೇಕಾಗಿಲ್ಲ. ಜರ್ಮನಿಯ ಎಲ್ಲ ಲೋಕಲ್, ರೀಜನಲ್ ರೈಲು, ಬಸ್, ಟ್ರಾಮ್‌ಗೆ ನಡೆಯುತ್ತೆ. ಐಸಿಇ, ಐಸಿ ಅನ್ನುವ ದೂರದ ವೇಗದ ರೈಲುಗಳಿಗೆ ನಡೆಯೋದಿಲ್ಲ, ಹತ್ತಿದರೆ ದಂಡ.

ಡಾರ್ಮ್‌ಸ್ಟಾಟ್‌ನಿಂದ ಹೈಡೆಲ್‌ಬರ್ಗ್ ಒಂದು ಗಂಟೆ. ಮೈಂಟ್ಸ್‌ನಿಂದ ಕೊಬ್ಲೆಂಟ್ಸ್‌ಗೆ ಹೋಗುವ ರೀಜನಲ್ ರೈಲು ರೈನ್ ನದಿಯ ದಡದಲ್ಲೇ ಹೋಗುತ್ತೆ. ಹೋಗುವಾಗ ಬಲಗಡೆ ಕೂರಿ. ಗುಡ್ಡದ ಮೇಲೆ ಒಂದಾದ ಮೇಲೆ ಒಂದು ಕೋಟೆ, ಕೆಳಗೆ ದ್ರಾಕ್ಷಿ ತೋಟ, ನದಿಯಲ್ಲಿ ಸರಕಿನ ಹಡಗು. ಯುನೆಸ್ಕೊ 2002ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದ ಕಣಿವೆ ಅದು. ಖರ್ಚು ನಿಮ್ಮ ಬುತ್ತಿಯದ್ದು ಮಾತ್ರ. ದಕ್ಷಿಣಕ್ಕೆ ಕೇಲ್ ಊರಿನವರೆಗೆ ಹೋದರೆ ಅಲ್ಲಿಂದ ಟ್ರಾಮ್ ಸೇತುವೆ ದಾಟಿ ಫ್ರಾನ್ಸ್‌ನ ಸ್ಟ್ರಾಸ್‌ಬೂರ್ಗ್‌ಗೆ ಹೋಗುತ್ತೆ, ಟ್ರಾಮ್‌ಗೆ ಬೇರೆ ಟಿಕೆಟ್. ಆಸ್ಟ್ರಿಯಾದ ಸಾಲ್ಸ್‌ಬುರ್ಗ್ ಸ್ಟೇಷನ್‌ವರೆಗೂ ಇದೇ ಡಾಯ್ಚ್‌ಲಾಂಡ್ ಟಿಕೆಟ್ ನಡೆಯುತ್ತೆ.

ವಾಶಿ ಟು ವೈಮಾರ್:
ರೀಜನಲ್ ರೈಲು ಬದಲಾಯಿಸುತ್ತಾ ಸಾಲ್ಸ್‌ಬುರ್ಗ್‌ಗೆ ಹೋದರೆ ಇಡೀ ದಿನ ಹೋಗುತ್ತೆ. ಅದಕ್ಕಿಂತ ತಿಂಗಳ ಮುಂಚೆ ಫ್ಲಿಕ್ಸ್‌ಬಸ್ ಬುಕ್ ಮಾಡಿ. ಐಸಿಇ ಟಿಕೆಟ್ ತಗೊಂಡು ರೈಲು ಒಂದು ಗಂಟೆ ತಡವಾದರೆ 25 ಶೇಕಡಾ, ಎರಡು ಗಂಟೆಗೆ 50 ಶೇಕಡಾ ಹಣ ವಾಪಸ್ ಬರುತ್ತೆ. ಅರ್ಜಿ ಹಾಕೋದು ಮರೆಯಬೇಡಿ. ಅಲ್ಲಿ ರೈಲು ಸಮಯಕ್ಕೆ ಸರಿಯಾಗಿ ಬರುತ್ತೆ ಅನ್ನೋದು ಹಳೆಯ ನಂಬಿಕೆ.

ಡಾರ್ಟ್‌ಮುಂಡ್ ಡೈರಿ:
ಗಡಿ ದಾಟುವ ಮುಂಚೆ ಕಾಗದ ನೋಡಿಕೊಳ್ಳಿ. ಇದನ್ನು ಯಾರೂ ಸರಿಯಾಗಿ ಹೇಳೋದಿಲ್ಲ. ನಿಮ್ಮ ನ್ಯಾಷನಲ್ ವೀಸಾ ಅಥವಾ ರೆಸಿಡೆನ್ಸ್ ಕಾರ್ಡ್ ಚಾಲ್ತಿಯಲ್ಲಿದ್ದರೆ ಬೇರೆ ಶೆಂಗೆನ್ ದೇಶಗಳಲ್ಲಿ (ಒಂದೇ ವೀಸಾ ನಡೆಯುವ ಯೂರೋಪಿನ ದೇಶಗಳು) 180 ದಿನದಲ್ಲಿ 90 ದಿನ ಇರಬಹುದು. ವೀಸಾ ಮುಗಿದು ಕಾರ್ಡ್ ಇನ್ನೂ ಬರದಿದ್ದಾಗ ಕಚೇರಿಯವರು ಒಂದು ತಾತ್ಕಾಲಿಕ ಕಾಗದ ಕೊಡುತ್ತಾರೆ. ಅದನ್ನು ಹಿಡಿದುಕೊಂಡು ಪ್ಯಾರಿಸ್‌ಗೆ ಹೋಗಬೇಡಿ. ಕಾರ್ಡ್ ಕೈಗೆ ಬಂದ ಮೇಲೆ ಹೋಗಿ. ಸ್ವಿಟ್ಜರ್ಲೆಂಡ್ ಶೆಂಗೆನ್‌ನಲ್ಲಿದೆ, ಹೋಗಬಹುದು. ಇಂಗ್ಲೆಂಡ್, ಐರ್ಲೆಂಡ್‌ಗೆ ಬೇರೆ ವೀಸಾ ಬೇಕು. 2024ರ ಸೆಪ್ಟೆಂಬರ್‌ನಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರು ಮಾಡಿದೆ. ರೈಲಿನೊಳಗೆ ಬಂದು ಕೇಳುತ್ತಾರೆ. ಒರಿಜಿನಲ್ ಪಾಸ್‌ಪೋರ್ಟ್ ಜೊತೆಗಿರಲಿ, ಫೋನ್‌ನಲ್ಲಿರುವ ಫೋಟೊ ಸಾಲದು.

ವಾಸ್ಕೋ ವಾಸಿ:
ಗೋವಾದಿಂದ ನಮಸ್ಕಾರ. ಇಲ್ಲಿ ನಮ್ಮ ಬೀದಿಯ ಹುಡುಗರು ಪೋರ್ಚುಗೀಸ್ ಪಾಸ್‌ಪೋರ್ಟ್ ಮಾಡಿಸಿಕೊಂಡು ವೀಸಾ ಇಲ್ಲದೆ ಯೂರೋಪಿಗೆ ಹೋಗುತ್ತಾರೆ. ನಾನು ಹುಟ್ಟಿದ್ದು ವಾಸ್ಕೋದಲ್ಲೇ. ನನಗೂ ಆಗುತ್ತಾ?

ಲೆಕ್ಕದ ಪುಸ್ತಕ (ಮುಲುಂಡ್):
@ವಾಸ್ಕೋ ವಾಸಿ, ಅದು 1961ರ ಡಿಸೆಂಬರ್ 19ಕ್ಕೆ ಮುಂಚೆ ಗೋವಾದಲ್ಲಿ ಹುಟ್ಟಿದವರಿಗೆ, ಅವರ ಮಕ್ಕಳು ಮೊಮ್ಮಕ್ಕಳಿಗೆ. ನಿಮ್ಮ ಹಿರಿಯರು ಆಮೇಲೆ ಕೆಲಸಕ್ಕೆ ಬಂದವರಾದರೆ ಆಗೋದಿಲ್ಲ. ಪಡೆದವರಿಗೂ ಭಾರತದ ಪೌರತ್ವ ಹೋಗುತ್ತೆ, ಅದೂ ಗೊತ್ತಿರಲಿ.

ವಾಸ್ಕೋ ವಾಸಿ:
ಸರಿ ಸರ್. ನಮ್ಮ ತಂದೆ ಗದಗದಿಂದ ಬಂದವರು, ಬಂದರಿನ ಕೆಲಸಕ್ಕೆ. ನಾನೂ ಬ್ಲಾಕ್ಡ್ ಅಕೌಂಟ್ ದಾರಿಯಲ್ಲೇ ಹೋಗಬೇಕು.

ಚಿಂಚವಾಡ ತಾಯಿ:
ಹುಡುಗಿಗೆ ಊಟದ ಮಾತು ಯಾರೂ ಹೇಳಲಿಲ್ಲಲ್ರಿ. ಖಡಕ್ ರೊಟ್ಟಿ ಕಟ್ಟಿ ಕಳಿಸ್ರಿ, ತಿಂಗಳುಗಟ್ಟಲೆ ಕೆಡಂಗಿಲ್ಲ. ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ ಬೇರೆ ಬೇರೆ ಪಾಕೀಟು ಮಾಡ್ರಿ. ಈ ಸಲ ನಮ್ಮ ಮಗನಿಗೆ ಧಾರವಾಡ ಪೇಢೆ, ಬೆಳಗಾವಿ ಕುಂದಾ, ಮನೆ ತುಪ್ಪ ಕಳಿಸಬೇಕಂತ ಮಾಡೀನಿ. ಹೋಗೋರು ಯಾರಾದ್ರೂ ಇದ್ರ ಹೇಳ್ರಿ.

ಕೊತ್ರೂಡ್ ಕನ್ನಡಿಗ:
ಅಮ್ಮಾ, ಪೇಢೆ, ಕುಂದಾ, ತುಪ್ಪ ಮೂರೂ ಆಗೋದಿಲ್ಲ. ಹೊರಗಿನ ದೇಶದಿಂದ ಹಾಲಿನ ಪದಾರ್ಥ, ಮಾಂಸ ಬ್ಯಾಗಿನಲ್ಲಿ ತರೋದನ್ನು ಯೂರೋಪಿಯನ್ ಒಕ್ಕೂಟ ನಿಷೇಧಿಸಿದೆ. ಸಿಕ್ಕರೆ ಕಸದ ಬುಟ್ಟಿಗೆ, ಮೇಲೆ ದಂಡ. ಹಸಿ ಕರಿಬೇವೂ ಆಗೋದಿಲ್ಲ, ನೆರಳಲ್ಲಿ ಒಣಗಿಸಿ ಪುಡಿ ಮಾಡಿ ಕಳಿಸಿ. ಚಟ್ನಿಪುಡಿ, ರೊಟ್ಟಿ, ಸಾರಿನ ಪುಡಿ ಆರಾಮಾಗಿ ಹೋಗುತ್ತೆ.

ಚಿಂಚವಾಡ ತಾಯಿ:
ಛೇ. ತುಪ್ಪನೂ ಆಗಂಗಿಲ್ಲೇನ್ರಿ. ಒಣ ಕೊಬ್ಬರಿ?

ವಾಶಿ ಟು ವೈಮಾರ್:
ಕೊಬ್ಬರಿಯನ್ನು ಚೆಕ್-ಇನ್ ಬ್ಯಾಗಿಗೆ ಹಾಕೋಕೆ ಇಲ್ಲಿನ ವಿಮಾನ ನಿಲ್ದಾಣದಲ್ಲೇ ಬಿಡೋದಿಲ್ಲ ಅಮ್ಮ. ಎಣ್ಣೆ ಅಂಶ ಜಾಸ್ತಿ, ಬಿಸಿಗೆ ಬೆಂಕಿ ಹಿಡಿಯಬಹುದು ಅಂತ 2022ರಲ್ಲಿ ನಿಷೇಧಿಸಿದರು. ಮುಂಬಯಿಯ ಸಹಾರ್ ವಿಮಾನ ನಿಲ್ದಾಣದಲ್ಲಿ ಬ್ಯಾಗ್ ತೆರೆಸಿ ತೆಗೆಸುತ್ತಾರೆ. ಅಲ್ಲಿನ ಏಷ್ಯನ್ ಅಂಗಡಿಯಲ್ಲಿ ಕೊಬ್ಬರಿ ತುರಿ ಸಿಗುತ್ತೆ.

ಕುಕ್ಕರ್ ತಗೊಂಡು ಹೋಗಿ, ಆದರೆ ತಳ ಸಪಾಟಾಗಿರೋದು, ಇಂಡಕ್ಷನ್‌ಗೂ ಆಗೋದು ನೋಡಿ. ಗ್ಯಾಸ್ ಒಲೆ ಹಾಸ್ಟೆಲ್‌ಗಳಲ್ಲಿ ಕಾಣೋದೇ ಅಪರೂಪ.

ಡಾರ್ಟ್‌ಮುಂಡ್ ಡೈರಿ:
ಒಗ್ಗರಣೆ ಬಗ್ಗೆ ಒಂದು ಮಾತು. ಹಾಸ್ಟೆಲ್‌ನ ಕಾರಿಡಾರ್‌ನಲ್ಲಿ ಹೊಗೆ ಅಲಾರಂ ಇರುತ್ತೆ. ಸಾಸಿವೆ ಸಿಡಿದು, ಒಣಮೆಣಸಿನಕಾಯಿ ಹಾಕಿದ ಕೂಡಲೇ ಘಾಟು ಏಳುತ್ತಲ್ವಾ, ಆಗ ಎಲ್ಲರೂ ಗಾಬರಿಯಿಂದ ಅಡುಗೆಮನೆ ಬಾಗಿಲು ತೆರೆಯುತ್ತಾರೆ. ಹೊಗೆ ನೇರ ಕಾರಿಡಾರ್‌ಗೆ ಹೋಗಿ ಅಲಾರಂ ಕೂಗುತ್ತೆ, ಇಡೀ ಕಟ್ಟಡ ಚಳಿಯಲ್ಲಿ ಕೆಳಗೆ ಇಳಿಯುತ್ತೆ. ಅಲಾರಂ ಅಗ್ನಿಶಾಮಕಕ್ಕೆ ಜೋಡಿಸಿದ್ದರೆ ಅವರು ಬರುತ್ತಾರೆ, ಬಿಲ್ಲೂ ಬರಬಹುದು. ಬಾಗಿಲು ಮುಚ್ಚಿ, ಕಿಟಕಿ ಪೂರ್ತಿ ತೆರೆದು, ಎಣ್ಣೆ ಸ್ವಲ್ಪ ಕಡಿಮೆ ಬಿಸಿಯಿರುವಾಗಲೇ ಮೆಣಸಿನಕಾಯಿ ಹಾಕಿ, ಮುಚ್ಚಳ ಮುಚ್ಚಿ. ನನ್ನ ಪಕ್ಕದ ಕೋಣೆಯ ಇರಾನಿ ಹುಡುಗಿ ಈಗ ನನ್ನ ಹುಳಿ ವಾಸನೆಗೆ ತಟ್ಟೆ ಹಿಡಿದುಕೊಂಡೇ ಬರುತ್ತಾಳೆ.

ಡೊಂಬಿವಲಿ ಹುಡುಗಿ:
ಇದೆಲ್ಲ ಯಾವ ಏಜೆಂಟೂ ಹೇಳಿರಲಿಲ್ಲ. ಪಾರ್ಟ್ ಟೈಮ್ ಕೆಲಸ ಮಾಡಿ ಸುತ್ತೋ ಖರ್ಚು ನಾನೇ ದುಡಿದರೆ ಅಪ್ಪ ಒಪ್ಪಬಹುದು. ವರ್ಷಕ್ಕೆ 120 ದಿನ ಅಲ್ವಾ?

ಎರಡು ಚಳಿಗಾಲ (ಪುಣೆ):
ಅದು ಹಳೆಯದು. 2024ರ ಮಾರ್ಚ್‌ನಿಂದ 140 ಪೂರ್ತಿ ದಿನ ಅಥವಾ 280 ಅರ್ಧ ದಿನ. ಕನಿಷ್ಠ ಕೂಲಿ 2026ರ ಜನವರಿಯಿಂದ ಗಂಟೆಗೆ 13.90 ಯೂರೋ. ಕ್ಲಾಸ್ ನಡೆಯುವಾಗ ವಾರಕ್ಕೆ 20 ಗಂಟೆ ಮೀರಬೇಡಿ, ಮೀರಿದರೆ ಇನ್ಶೂರೆನ್ಸ್ ಲೆಕ್ಕ ಬದಲಾಗುತ್ತೆ. "ನೀನೇ ಸ್ವಂತ ಬಿಲ್ ಮಾಡು, ನಾವು ಕಾಂಟ್ರಾಕ್ಟ್ ಕೊಡ್ತೇವೆ" ಅನ್ನುವ ಡೆಲಿವರಿ ಕೆಲಸಕ್ಕೆ ಹೋಗಬೇಡಿ. ವಿದ್ಯಾರ್ಥಿ ಪರ್ಮಿಟ್‌ನಲ್ಲಿ ಸ್ವಂತ ವ್ಯವಹಾರಕ್ಕೆ ಬೇರೆ ಅನುಮತಿ ಬೇಕು.

ಯೂನಿವರ್ಸಿಟಿಯೊಳಗೆ ಪ್ರೊಫೆಸರ್ ಹತ್ತಿರ ಸಹಾಯಕರ ಕೆಲಸ ಕೇಳಿ. ಓದಿಗೂ ಅನುಕೂಲ, ಮುಂದೆ ಥೀಸಿಸ್‌ಗೂ ದಾರಿ. ಮೊದಲ ಪರೀಕ್ಷೆ ಮುಗಿಯೋದು ಫೆಬ್ರವರಿ, ಮಾರ್ಚ್. ಏಪ್ರಿಲ್ ಮಧ್ಯದವರೆಗೆ ಕ್ಲಾಸ್ ಇರೋದಿಲ್ಲ. ದೊಡ್ಡ ಪ್ರವಾಸ ಅಂತ ಹೋಗೋದಾದರೆ ಆಗ ಹೋಗಿ. ರೆಸಿಡೆನ್ಸ್ ಕಾರ್ಡೂ ಅಷ್ಟು ಹೊತ್ತಿಗೆ ಬಂದಿರುತ್ತೆ.

ಕೊತ್ರೂಡ್ ಕನ್ನಡಿಗ:
ಆಗ ಇಂಟರ್‌ರೇಲ್ ಪಾಸ್ ನೋಡಿ. ಯೂರೋಪಿನಲ್ಲಿ ವಾಸ ಇರುವವರಿಗೆ ಇಂಟರ್‌ರೇಲ್, ಭಾರತದಿಂದ ಪ್ರವಾಸಕ್ಕೆ ಬರುವವರಿಗೆ ಯೂರೇಲ್. 27 ವರ್ಷದವರೆಗೆ ಕಡಿಮೆ ದರ. ಇಂಟರ್‌ರೇಲ್‌ನಲ್ಲಿ ನೀವು ವಾಸ ಇರುವ ದೇಶದೊಳಗೆ ಹೋಗುವಾಗ ಒಂದು, ಬರುವಾಗ ಒಂದು ಪ್ರಯಾಣ ಮಾತ್ರ.

ಹೊರಡುವ ಮುಂಚೆ ಜರ್ಮನ್ ಭಾಷೆಯ ಎರಡನೇ ಹಂತ ಎ2 ಆದರೂ ಮುಗಿಸಿ. ಮುಂಬಯಿಯಲ್ಲಿ ಕಾಲಾ ಘೋಡಾದ ಮ್ಯಾಕ್ಸ್ ಮುಲ್ಲರ್ ಭವನ ಇದೆ. ನಾನು ಪುಣೆಯಲ್ಲಿ ರಾನಡೆ ಇನ್‌ಸ್ಟಿಟ್ಯೂಟ್‌ನಲ್ಲಿ ಕಲಿತದ್ದು. ನೋಂದಣಿ ಕಚೇರಿಯಲ್ಲಿ ಎರಡು ವಾಕ್ಯ ಅವರ ಭಾಷೆಯಲ್ಲಿ ಮಾತಾಡಿದರೆ ಎದುರಿನವರ ಮುಖ ಸಡಿಲವಾಗೋದನ್ನು ನೀವೇ ನೋಡ್ತೀರಿ.

ಫೋರ್ಟ್ ಹಳಬ:
ಫ್ರಾಂಕ್‌ಫರ್ಟ್ ಕಡೆ ರೈನ್-ಮೈನ್ ಕನ್ನಡ ಸಂಘ ಇದೆ. ಹೋದ ಕೂಡಲೇ ಅವರಿಗೆ ಬರೆ ಮಗಳೇ. ಕಷ್ಟಕ್ಕೆ ಒಂದು ಮನೆ ಇದೆ ಅಂತ ನಿನ್ನ ತಂದೆ ತಾಯಿಗೂ ಧೈರ್ಯ.

ಐರೋಲಿ ಅಣ್ಣ:
ಮಧ್ಯೆ ನನ್ನದೊಂದು ಪ್ರಶ್ನೆ. ನನಗೆ 31 ಆಯ್ತು, ಎಂಟು ವರ್ಷ ಕೆಲಸ ಮಾಡಿದ್ದೇನೆ, ಈಗ ಮಾಸ್ಟರ್ಸ್ ಮಾಡಬೇಕು ಅಂತಿದೆ. ಇಂಗ್ಲೆಂಡ್‌ನಲ್ಲಿ ಒಂದೇ ವರ್ಷ ಅಂತಾರೆ. ಅದು ಒಳ್ಳೆಯದಾ, ಜರ್ಮನಿಯಾ?

ವಾಶಿ ಟು ವೈಮಾರ್:
@ಐರೋಲಿ ಅಣ್ಣ, ಒಂದು ವರ್ಷ ಅನ್ನೋದು ನಿಜ, ಆದರೆ ಫೀಸ್ ದೊಡ್ಡದು. ವೀಸಾ ಜೊತೆಗೆ ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ ಮೊದಲೇ ಕಟ್ಟಬೇಕು. ಓದಿದ ಮೇಲೆ ಉಳಿಯುವ ಗ್ರ್ಯಾಜುಯೇಟ್ ವೀಸಾ ಎರಡು ವರ್ಷ ಇತ್ತು, 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ 18 ತಿಂಗಳು. 2024ರಿಂದ ಸಾಮಾನ್ಯ ಮಾಸ್ಟರ್ಸ್ ವಿದ್ಯಾರ್ಥಿಗಳು ಹೆಂಡತಿ ಮಕ್ಕಳನ್ನು ಜೊತೆಗೆ ಕರೆದೊಯ್ಯೋ ಹಾಗಿಲ್ಲ. ನೀವು ಸಂಸಾರಸ್ಥರಾದರೆ ಇದನ್ನು ಮೊದಲು ಯೋಚಿಸಿ. ಜರ್ಮನಿಯಲ್ಲಿ ಕೆಲಸ ಹುಡುಕೋಕೆ 18 ತಿಂಗಳು ಕೊಡುತ್ತಾರೆ.

ಡಾರ್ಟ್‌ಮುಂಡ್ ಡೈರಿ:
ವಯಸ್ಸಿನ ಬಗ್ಗೆ ಹೇಳಬೇಕು. ಇಲ್ಲಿ ಸರ್ಕಾರಿ ಇನ್ಶೂರೆನ್ಸ್‌ನ ವಿದ್ಯಾರ್ಥಿ ದರ 30 ತುಂಬುವವರೆಗೆ ಮಾತ್ರ. ಅದು ದಾಟಿ ಬರುವವರು ಸಾಮಾನ್ಯವಾಗಿ ಖಾಸಗಿ ಇನ್ಶೂರೆನ್ಸ್ ತಗೋಬೇಕಾಗುತ್ತೆ. ಅಗ್ಗದ ಟ್ರಾವೆಲ್ ಇನ್ಶೂರೆನ್ಸ್ ತಗೊಂಡು ಬಂದರೆ ಯೂನಿವರ್ಸಿಟಿಯಲ್ಲಿ ಹೆಸರು ನೋಂದಾಯಿಸೋದಿಲ್ಲ, ರೆಸಿಡೆನ್ಸ್ ಕಾರ್ಡ್‌ಗೂ ನಡೆಯೋದಿಲ್ಲ. ಹಲ್ಲು, ಆಸ್ಪತ್ರೆ, ಹಳೆಯ ಕಾಯಿಲೆ ಯಾವುದಕ್ಕೆ ಕೊಡುತ್ತಾರೆ ಅಂತ ಓದಿ ನೋಡಿ ಸಹಿ ಹಾಕಿ. ನಿಮ್ಮದು ಯಾವ ಕೋರ್ಸ್ ಅಂತ ಬೇರೆ ಪೋಸ್ಟ್ ಹಾಕಿ ಅಣ್ಣ. ಬಾಡೆನ್-ವುರ್ಟೆಂಬರ್ಗ್ ರಾಜ್ಯ ಆದರೆ ಸೆಮಿಸ್ಟರ್‌ಗೆ 1,500 ಯೂರೋ ಫೀಸೂ ಇದೆ, ಅದನ್ನೂ ಸೇರಿಸಿ ಲೆಕ್ಕ ಹಾಕೋಣ.

ಐರೋಲಿ ಅಣ್ಣ:
ಹಾಕುತ್ತೇನೆ. ಮೆಕ್ಯಾನಿಕಲ್, ಮದುವೆ ಆಗಿದೆ, ಒಂದು ಮಗು. ಇಂಗ್ಲೆಂಡ್ ಕೈಬಿಟ್ಟೆ ಅಂತಲೇ ಇಟ್ಟುಕೊಳ್ಳಿ.